ಸೋಡಾ ಬ್ರೆಡ್ಡಿಗೆ ಮಜ್ಜಿಗೆಯೇ ಜೀವ

ಐರ್ಲೆಂಡಿನ ಕಾರ್ಕ್‌ನಲ್ಲಿ ಕೆಫೆಗೆ ಹೋಗಿ ಸೂಪ್ ಕೇಳಿದರೆ ಸಾಮಾನ್ಯವಾಗಿ ಜೊತೆಗೆ ಕಂದು ಬಣ್ಣದ ಎರಡು ಹೋಳು ಬ್ರೆಡ್ಡು, ಸ್ವಲ್ಪ ಬೆಣ್ಣೆ ಬರುತ್ತದೆ. ಅದೇ ಸೋಡಾ ಬ್ರೆಡ್. ನನಗಂತೂ ಈಗ ಸೂಪ್ ಬರೀ ನೆಪ. ಶನಿವಾರ ಬೆಳಿಗ್ಗೆ ನಮ್ಮನೆ ಓವನ್ ಹಚ್ಚಿದೆ ಅಂದರೆ ಅದು ಈ ಬ್ರೆಡ್ಡಿಗೇ.

ಬೇಕಾಗುವುದು ನಾಲ್ಕೇ ಸಾಮಾನು. ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಈಸ್ಟ್ ಇಲ್ಲ, ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವುದೂ ಇಲ್ಲ. ಐರ್ಲೆಂಡಿನ ಮಳೆಗೆ, ತಂಪಿಗೆ ಬೆಳೆಯುವ ಗೋಧಿ ಮೆದು ಜಾತಿಯದು. ಅದರಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಕಡಿಮೆ, ಈಸ್ಟ್ ಬ್ರೆಡ್ಡಿಗೆ ಅಷ್ಟಾಗಿ ಒಗ್ಗುವುದಿಲ್ಲ. 19ನೇ ಶತಮಾನದಲ್ಲಿ ಅಡುಗೆ ಸೋಡಾ ಇಲ್ಲಿನ ಮನೆಗಳಿಗೆ ಬಂದ ಮೇಲೆ ಈ ಹಿಟ್ಟಿಗೆ ಸರಿಯಾದ ಜೋಡಿ ಸಿಕ್ಕಿತು. ಬೆಣ್ಣೆ ಕಡೆಯುವ ಮನೆಯಲ್ಲಿ ಮಜ್ಜಿಗೆ ಹೇಗೂ ಇರುತ್ತದೆ, ಅಲ್ವಾ? ಆಗ ಹಳ್ಳಿಮನೆಗಳಲ್ಲಿ ಓವನ್ ಎಲ್ಲಿಂದ ಬರಬೇಕು! ಬ್ಯಾಸ್ಟಿಬಲ್ ಎಂಬ ಎರಕದ ಕಬ್ಬಿಣದ ಪಾತ್ರೆಯೊಳಗೆ ಕಲಸಿದ ಹಿಟ್ಟನ್ನಿಟ್ಟು, ಒಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕುತ್ತಿದ್ದರು. ಜೌಗು ನೆಲದಿಂದ ಕಡಿದು ಒಣಗಿಸಿದ ಟರ್ಫ್‌ನ ಕೆಂಡ ಅದು. ಉತ್ತರದ ಅಲ್ಸ್ಟರ್ ಕಡೆ ಕಾವಲಿಯ ಮೇಲೆ ಬೇಯಿಸುವ ರೂಢಿ ಇವತ್ತಿಗೂ ಇದೆ. ನಾಲ್ಕು ಭಾಗ ಮಾಡಿದ ಆ ತುಂಡುಗಳಿಗೆ ಫಾರ್ಲ್ ಅನ್ನುತ್ತಾರೆ.

ನನಗೆ ಈ ಬ್ರೆಡ್ಡಿನ ಮೇಲೆ ಪ್ರೀತಿ ಹುಟ್ಟಿದ್ದೇ ಮಜ್ಜಿಗೆಯಿಂದ. ಊಟದ ಕೊನೆಗೆ ಅನ್ನಕ್ಕೆ ಕಲಸಿಕೊಂಡು ಬೆಳೆದವಳು ನಾನು. ಅದೇ ಮಜ್ಜಿಗೆ ಇಲ್ಲಿ ಬ್ರೆಡ್ಡನ್ನು ಉಬ್ಬಿಸುತ್ತದೆ. ಅದರ ಹುಳಿ ಸೋಡಾಕ್ಕೆ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಆ ಗಾಳಿ ಹೊರಟುಹೋಗುವ ಮೊದಲೇ ಹಿಟ್ಟು ಓವನ್ ಸೇರಬೇಕು. ಅದಕ್ಕೇ ಓವನ್ನನ್ನು ಮೊದಲು 230 ಡಿಗ್ರಿಗೆ ಕಾಯಿಸಿಟ್ಟುಕೊಂಡು, ಆಮೇಲೆ ಮಜ್ಜಿಗೆಗೆ ಕೈ ಹಾಕಿ.

ನನ್ನ ಲೆಕ್ಕ ಹೀಗೆ. 225 ಗ್ರಾಂ ತರಿತರಿಯಾದ ಗೋಧಿ ಹಿಟ್ಟು, 225 ಗ್ರಾಂ ಮೈದಾ, ಒಂದು ಟೀ ಚಮಚ ಉಪ್ಪು, ತಲೆತಟ್ಟಿದ ಒಂದು ಟೀ ಚಮಚ ಸೋಡಾ. ಸೋಡಾವನ್ನು ಜರಡಿ ಹಿಡಿಯಲೇಬೇಕು. ಗಂಟು ಉಳಿದರೆ ಅಲ್ಲಲ್ಲಿ ಹಳದಿ ಚುಕ್ಕೆ, ಬಾಯಿಗೆ ಸೋಪಿನ ರುಚಿ. ನಡುವೆ ಗುಳಿ ಮಾಡಿ ಸುಮಾರು 400 ಎಂ.ಎಲ್. ಮಜ್ಜಿಗೆಯನ್ನು ಬಹುಪಾಲು ಒಮ್ಮೆಗೇ ಸುರಿಯುತ್ತೇನೆ. ಸ್ವಲ್ಪ ಕೈಯಲ್ಲಿ ಉಳಿಸಿಕೊಂಡಿರುತ್ತೇನೆ, ಎಲ್ಲ ಹಿಟ್ಟೂ ಒಂದೇ ಸಮ ಹೀರುವುದಿಲ್ಲ.

ಇನ್ನು ಕೈ. ಐದೂ ಬೆರಳನ್ನು ಅಗಲಿಸಿ ಬಿಗಿಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಸುತ್ತ ತಿರುಗಿಸುತ್ತಾ ಹೋಗಬೇಕು. ಒಣ ಹಿಟ್ಟು ಕಾಣದಂತಾದರೆ ಮುಗಿಯಿತು. ಚಪಾತಿ ಹಿಟ್ಟು ನಾದಿ ನಾದಿ ಪಳಗಿದ ಕೈಗೆ ಇದು ಬಹಳ ಕಷ್ಟ. ಪಕ್ಕದ ಮನೆಯ ಹಿರಿಯ ಹೆಂಗಸು ನನ್ನ ಪಕ್ಕದಲ್ಲೇ ನಿಂತು ಇದನ್ನು ಕಲಿಸಿದವರು. "ಸಾಕು, ಬಿಡು. ಮುಟ್ಟಿದಷ್ಟೂ ಗಟ್ಟಿಯಾಗುತ್ತೆ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ನಾದಿದರೆ ಇರುವ ಅಷ್ಟಿಷ್ಟು ಗ್ಲುಟೆನ್ನೂ ಬಿಗಿದುಕೊಳ್ಳುತ್ತದೆ, ಗಾಳಿಯೂ ಹೋಗುತ್ತದೆ. ಹಿಟ್ಟು ಒರಟಾಗಿ, ಸ್ವಲ್ಪ ಅಂಟಂಟಾಗಿ ಕಂಡರೆ ಹೆದರಬೇಡಿ.

ಮೇಲೆ ಹಿಟ್ಟು ಉದುರಿಸಿ, ಮೆಲ್ಲಗೆ ದುಂಡಗೆ ತಟ್ಟಿ, ಚಾಕುವಿನಿಂದ ಆಳವಾಗಿ ಶಿಲುಬೆಯ ಗೆರೆ ಎಳೆಯಬೇಕು. ದಪ್ಪ ನಡುಭಾಗಕ್ಕೆ ಕಾವು ಇಳಿಯುವುದು ಅಲ್ಲಿಂದಲೇ. ನಾಲ್ಕು ಮೂಲೆಗೂ ಚಾಕುವಿನ ತುದಿ ಚುಚ್ಚಿ "ಇದು ಯಕ್ಷಿಣಿಯರು ಹೊರಗೆ ಹೋಗಲಿಕ್ಕೆ" ಅಂದರು ಪಕ್ಕದ ಮನೆಯವರು. ನಾನೂ ಬಿಡದೆ ಚುಚ್ಚುತ್ತೇನೆ. ಓವನ್ನಿಗಿಟ್ಟು 15 ನಿಮಿಷ ಆದ ಮೇಲೆ ಉರಿ 200ಕ್ಕೆ ಇಳಿಸಿ ಇನ್ನೊಂದು ಅರ್ಧ ಗಂಟೆ. ತಿರುಗಿಸಿ ತಳಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬರಲಿಲ್ಲವಾದರೆ ಇನ್ನೂ ಐದು ನಿಮಿಷ ಇಡಿ.

ಬೆಂಗಳೂರಿನ ಅಕ್ಕ ಕೇಳಿದ್ದಳು, ಇಲ್ಲಿ ಆಗುತ್ತಾ ಅಂತ. ಖಂಡಿತ ಆಗುತ್ತದೆ. ಚಪಾತಿ ಹಿಟ್ಟಿಗೆ ಅರ್ಧ ಮೈದಾ ಬೆರೆಸಿಕೊಳ್ಳಿ. ನಾವು ಕುಡಿಯುವ ನೀರು ಮಜ್ಜಿಗೆ ಮಾತ್ರ ಬೇಡ, ತುಂಬಾ ತೆಳು. ಚೆನ್ನಾಗಿ ಹುಳಿ ಬಂದ ಗಟ್ಟಿ ಮೊಸರಿಗೆ ಸ್ವಲ್ಪ ನೀರು ಸೇರಿಸಿ ಕಡೆದರೆ ಇಲ್ಲಿ ಐರ್ಲೆಂಡಿನಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಮಜ್ಜಿಗೆಯ ಹದಕ್ಕೆ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೆ ಸಕ್ಕರೆ, ಮೊಟ್ಟೆ, ಒಣದ್ರಾಕ್ಷಿ, ಜೀರಿಗೆಯಂತೆ ಕಾಣುವ ಕ್ಯಾರವೇ ಕಾಳು ಎಲ್ಲ ಹಾಕುತ್ತಾರೆ. ಇಲ್ಲೂ ದ್ರಾಕ್ಷಿ ಹಾಕಿದ್ದು ಉಂಟು, ಅದಕ್ಕೆ ಸ್ಪಾಟೆಡ್ ಡಾಗ್ ಅಂತ ಬೇರೆಯೇ ಹೆಸರು. ಚಹಾದ ಜೊತೆ ಚೆನ್ನಾಗಿರುತ್ತದೆ. ಆದರೆ ದಿನದ ಬ್ರೆಡ್ಡಿಗೆ ಏನೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಟ್ಟಿನ ಸಿಹಿ, ಮಜ್ಜಿಗೆಯ ಸಣ್ಣ ಹುಳಿ ನಾಲಿಗೆಗೆ ಗೊತ್ತಾಗಬೇಕು. ಮೇಲೆ ಉಪ್ಪು ಬೆಣ್ಣೆ, ಜಿಪುಣತನ ಮಾಡದೆ. ಮಾಡಿದ ದಿನವೇ ತಿಂದರೆ ರುಚಿ ಜಾಸ್ತಿ. ಮರುದಿನಕ್ಕೆ ಉಳಿದರೆ ಟೋಸ್ಟ್ ಮಾಡಿ.