ಬಚ್ಚಲಿಗೆ ಪುಡಿ ಡಬ್ಬಿ ಬಂದ ಮೇಲೆ: ಸೀಗೆಪುಡಿ, ಹಲ್ಲುಪುಡಿ ಇಲ್ಲಿವರೆಗಿನ ಕಥೆ

ಮೊದ್ಲೇ ಹೇಳ್ಬಿಡ್ತೀನಿ ಈಗ ಎಲ್ಲಿಗೆ ಬಂದಿದೆ ಅಂತ. ತಲೆಗೆ ಪೂರ್ತಿ ಪುಡಿನೇ, ಶಾಂಪೂ ಕಂಡೀಷನರ್ ಎರಡೂ ಬಿಟ್ಟಾಯ್ತು, ವಾಪಸ್ ಹೋಗೋ ಮಾತೇ ಇಲ್ಲ. ಹಲ್ಲಿಗೆ ಮಾತ್ರ ಬೆಳಗ್ಗೆ ಪುಡಿ, ರಾತ್ರಿ ಫ್ಲೋರೈಡ್ ಇರೋ ಪೇಸ್ಟ್. ಎರಡನ್ನೂ "ನ್ಯಾಚುರಲ್ ಪುಡಿ" ಅಂತ ಒಟ್ಟಿಗೆ ಸೇರಿಸಿ ಮಾತಾಡೋರೇ ಜಾಸ್ತಿ, ಆದ್ರೆ ಕೂದಲು ಬೇರೆ ಹಲ್ಲು ಬೇರೆ, ಕೂದಲು ಹಾಳಾದ್ರೆ ಮತ್ತೆ ಬೆಳೆಯುತ್ತೆ, ಹಲ್ಲಿನ ಮೇಲಿನ ಗಟ್ಟಿ ಪದರ, ಅಂದ್ರೆ ಎನಾಮಲ್, ಸವೆದ್ರೆ ಹೋಯ್ತು, ಮತ್ತೆ ಹುಟ್ಟಲ್ಲ. ನಾನು ಮಾಡಿದ ಪ್ರತಿ ತೀರ್ಮಾನದ ಹಿಂದೆ ಇರೋದು ಇದೇ.

ಬೇಸಿಗೆ

ಶುರು ಮಾಡೋಕೆ ಕಾರಣ ನಮ್ಮ ನೀರು. ಬೆಂಗಳೂರಿನ ಹೊರಗಡೆ ಏರಿಯಾ, ಬೋರ್ ನೀರು, ಸಿಕ್ಕಾಪಟ್ಟೆ ಗಡಸು. ಬಕೆಟ್ ಅಂಚಲ್ಲಿ ಬಿಳಿ ಗೆರೆ, ಗೀಸರ್ ಒಳಗೆ ಬಿಳಿ ಪದರ, ಸೋಪ್ ಹಚ್ಚಿದ್ರೆ ನೊರೆ ಬರೋ ಬದ್ಲು ಮೈಮೇಲೆ ಒಂಥರಾ ಜಿಡ್ಡು. ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಸೋಪಿನ ಜತೆ ಸೇರಿ ಕರಗದೇ ಇರೋ ಗಸಿ ಆಗೋದ್ರಿಂದ ಹಿಂಗಾಗುತ್ತೆ. ಸೀಗೆಕಾಯಿ ಅಂಟುವಾಳದಲ್ಲಿ ನೊರೆ ಕೊಡೋದು ಸಪೋನಿನ್ ಅನ್ನೋ ವಸ್ತು, ಅದು ಸೋಪಿನ ಹಾಗೆ ಗಡಸು ನೀರಿಗೆ ಒಡೆದು ಗಸಿ ಕಟ್ಟಲ್ಲ. ಜತೆಗೆ ಸೀಗೆ ನೀರು ಸ್ವಲ್ಪ ಹುಳಿ ಸ್ವಭಾವದ್ದು, ನಮ್ಮ ನೆತ್ತಿ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ರೆ ಹುಳಿ) ಕೂಡ ಸುಮಾರು 5.5, ಅದಕ್ಕೇ ತೊಳೆದ ಮೇಲೆ ಕೂದಲು ಬಿರುಸಾಗದೆ ಮಲಗುತ್ತೆ. ಸೋಪು ಇದಕ್ಕೆ ಉಲ್ಟಾ, ಕ್ಷಾರ.

ಸಾಮಾನು ತಂದಿದ್ದು ಚಿಕ್ಕಪೇಟೆ ಕಡೆ ಒಂದು ಗ್ರಂಥಿಗೆ ಅಂಗಡಿಯಿಂದ. ರೆಡಿ ಪುಡಿ ಪ್ಯಾಕೆಟ್ ಬೇಡ ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ, ಪುಡಿ ಆದ ಮೇಲೆ ಒಳಗೆ ಏನಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಕಾಯಿ ಆದ್ರೆ ಕೈಯಲ್ಲಿ ಹಿಡಿದು ಮುರಿದು ನೋಡಬಹುದು, ಚೆನ್ನಾಗಿ ಒಣಗಿದ ಸೀಗೆಕಾಯಿ ಟಪ್ ಅಂತ ಮುರಿಯುತ್ತೆ, ಬಗ್ಗಿದ್ರೆ ಅದ್ರಲ್ಲಿ ಇನ್ನೂ ಪಸೆ ಇದೆ ಅಂತ ಅರ್ಥ. ಎಲ್ಲಿಂದ ಬರುತ್ತೆ ಅಂತ ಕೇಳ್ದೆ, ಕಾಡಿನ ಮಾಲು ಅಂದ್ರು. ಬಿಳಿಗಿರಿರಂಗನ ಬೆಟ್ಟದ ಕಡೆ ಅಲ್ಲಿನ ಆದಿವಾಸಿಗಳಾದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ ಎಲ್ಲ ಕಾಡಿಂದ ಆರಿಸಿ ಲ್ಯಾಂಪ್ಸ್ ಸೊಸೈಟಿಗೆ (ಆದಿವಾಸಿಗಳ ಸಹಕಾರ ಸಂಘ) ಕೊಡೋದು ಎಷ್ಟೋ ಕಾಲದಿಂದ ಇದೆ, 2011ರಲ್ಲಿ ಅರಣ್ಯ ಹಕ್ಕು ಕಾಯ್ದೆ ಅಡಿ ಅವರಿಗೆ ಸಮುದಾಯ ಹಕ್ಕೂ ಸಿಕ್ತು. ಸಾಧ್ಯ ಆದವರು ಅಂಥ ಕಡೆಯಿಂದಾನೇ ತಗೊಳ್ಳಿ, ನಮ್ಮ ಬಚ್ಚಲಿಗೆ ಬರೋ ಕಾಯಿ ಬೆನ್ನು ಬಗ್ಗಿಸಿ ಆರಿಸಿದವರಿಗೆ ನಾಲ್ಕು ಕಾಸು ಸಿಗ್ಲಿ.

ಅಳತೆ ಅಮ್ಮಂದು. ಸೀಗೆಕಾಯಿ 1 ಕೆಜಿ, ಅಂಟುವಾಳ ಕಾಲು ಕೆಜಿ (ಒಳಗಿನ ಕರೀ ಬೀಜ ಒಡೆದು ತೆಗೆದು, ಅದು ಕಲ್ಲಿನಷ್ಟು ಗಟ್ಟಿ), ಹೆಸರುಕಾಳು ಕಾಲು ಕೆಜಿ, ಮೆಂತ್ಯ 100 ಗ್ರಾಂ, ಒಣಗಿಸಿದ ದಾಸವಾಳದ ಎಲೆ ಹೂವು ಎರಡು ಹಿಡಿ, ಕರಿಬೇವು ಒಂದು ಹಿಡಿ, ನಿಂಬೆ ಸಿಪ್ಪೆ ಇದ್ದಷ್ಟು. ಚಿಗರೆ ಪುಡಿ (ಚಿಗರೆ ಮರದ ಎಲೆ ಒಣಗಿಸಿ ಮಾಡಿದ್ದು) ಇದಕ್ಕೆ ಬೆರೆಸಲ್ಲ, ಅದನ್ನ ಬೇರೆ ಡಬ್ಬೀಲಿ ಇಡೋದು. ಫೋನಲ್ಲಿ ಅಂಟುವಾಳ ಅರ್ಧ ಕೆಜಿ ಹಾಕ್ಲಾ ನೊರೆ ಚೆನ್ನಾಗಿ ಬರುತ್ತೆ ಅಂದಿದ್ದಕ್ಕೆ ಅಮ್ಮ "ನೊರೆ ಇಟ್ಕೊಂಡು ಏನ್ಮಾಡ್ತೀಯ, ಕೂದ್ಲು ತೆಂಗಿನ ನಾರಾಗುತ್ತೆ ಕಣೆ" ಅಂದ್ರು. ಸರಿಯಾಗೇ ಹೇಳಿದ್ರು, ಅಂಟುವಾಳ ಜಿಡ್ಡು ತೆಗೆಯೋದ್ರಲ್ಲಿ ತುಂಬಾ ಜೋರು, ರೇಷ್ಮೆ ಸೀರೆ ಒಗೆಯೋಕೆ, ಒಡವೆ ತೊಳೆಯೋಕೆ ಅದನ್ನ ಇಟ್ಕೊಳ್ಳೋದು, ತಲೆಗೆ ಅಳತೆ ಮೀರಬಾರದು.

ತಾರಸಿ ಮೇಲೆ ಹಳೇ ಪಂಚೆ ಹಾಸಿ ಒಣಗಿಸಿದ್ದು. ದಾಸವಾಳ ಕರಿಬೇವು ಮಾತ್ರ ನೆರಳಲ್ಲಿ. ಮಿಲ್ಲಿಗೆ ಹೋದ್ರೆ ಅಲ್ಲಿ ಹುಡುಗ "ಅಕ್ಕ, ಸೀಗೆಕಾಯಿ ಬೆಳಗ್ಗೆ ಹಾಕಲ್ಲ, ಸಂಜೆ ಲಾಸ್ಟಲ್ಲಿ ತನ್ನಿ" ಅಂದ. ಯಾಕಂತ ಸಂಜೆ ನಿಂತು ನೋಡಿದಾಗ ಗೊತ್ತಾಯ್ತು, ಮಿಷನ್ ಶುರು ಆಗಿದ್ದೇ ತಡ ಆ ಧೂಳಿಗೆ ಅಲ್ಲಿದ್ದವರಿಗೆಲ್ಲ ಸೀನು, ಕಣ್ಣುರಿ, ಅವನು ಮೂಗಿಗೆ ಟವಲ್ ಸುತ್ತಿಕೊಂಡೇ ಕಾಯಿ ಸುರೀತಿದ್ದ. ರಾಗಿ ಗೋಧಿ ಹಾಕೋ ಮಿಷನ್ನಿಗೆ ಇದನ್ನ ಹಾಕಲ್ಲ, ಬೇರೇದೇ ಇದೆ. ನೀವೂ ಹೋಗೋದಾದ್ರೆ ಮಾಸ್ಕ್ ಹಾಕ್ಕೊಂಡು ಹೋಗಿ, ಬಿಸಿ ಪುಡೀನ ಹಾಗೇ ಡಬ್ಬಿಗೆ ತುಂಬಬೇಡಿ, ಪೇಪರ್ ಮೇಲೆ ಹರವಿ ಪೂರ್ತಿ ಆರಿಸಿ.

ತಲೆಗೆ ಹೆಂಗೆ ಹಾಕ್ತಿದೀನಿ

ಹಿಂದಿನ ರಾತ್ರಿ ಇಲ್ಲಾಂದ್ರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಎಣ್ಣೆ. ಎಣ್ಣೆ ಇಲ್ಲದೆ ಬರೀ ತಲೆಗೆ ಸೀಗೆ ಹಾಕಿದ್ರೆ ಒಣಗುತ್ತೆ, ಎಣ್ಣೆ ಸ್ನಾನ ಅಂತ ಎರಡನ್ನೂ ಜೋಡಿ ಮಾಡಿರೋದು ಸುಮ್ನೆ ಅಲ್ಲ. ಆಮೇಲೆ ಮೂರು ಚಮಚ ಪುಡೀನ ಬಿಸಿ ಗಂಜೀಲಿ ಕಲಸಿ ಅರ್ಧ ಗಂಟೆ ನೆನೆಯೋಕೆ ಬಿಡ್ತೀನಿ, ಗಂಜಿ ಇಲ್ದಿದ್ರೆ ಬಿಸಿನೀರು. ಇಲ್ಲಿಂದ ಮುಂದಿನದೇ ಮುಖ್ಯ. ಹೊಸದಾಗಿ ಶುರು ಮಾಡಿದವರು ಬಿಟ್ಟುಬಿಡೋದು ಒಂದೇ ಕಾರಣಕ್ಕೆ, ಪುಡಿ ಕೂದಲಲ್ಲೇ ಕೂತ್ಕೊಳ್ಳುತ್ತೆ, ಬಾಚಿದಾಗೆಲ್ಲ ಉದುರುತ್ತೆ, ತಲೆ ಕೆರೆಯುತ್ತೆ. ಅದಕ್ಕೆ ಪರಿಹಾರ ಸೋಸೋದು. ಒಂದು ಮಲ್ ಬಟ್ಟೇಲಿ ಆ ನೆನೆದ ಪುಡೀನ ಕಟ್ಟಿ, ಚೊಂಬಿನ ಮೇಲೆ ಹಿಡಿದು ಹಿಂಡಿದ್ರೆ ಕಂದು ಬಣ್ಣದ ಸ್ವಲ್ಪ ಲೋಳೆ ಲೋಳೆ ನೀರು ಇಳಿಯುತ್ತೆ, ಬೆರಳ ಮಧ್ಯ ಉಜ್ಜಿದ್ರೆ ಸಣ್ಣ ನೊರೆ. ಆ ನೀರು ಮಾತ್ರ ತಲೆಗೆ. ಬಟ್ಟೇಲಿ ಉಳಿದ ಗಷ್ಟು ಮೈಗೆ ಉಜ್ಜೋಕೆ ಆಗುತ್ತೆ, ಮಿಕ್ಕಿದ್ದು ಗಿಡಕ್ಕೆ, ಬಚ್ಚಲ ಮೋರಿ ಕಟ್ಟಿಕೊಳ್ಳೋ ತಾಪತ್ರಯಾನೂ ಇಲ್ಲ. ಕಣ್ಣು ಗಟ್ಟಿ ಮುಚ್ಕೊಳ್ಳಿ, ಕಣ್ಣಿಗೆ ಬಿದ್ರೆ ನಿಜವಾಗ್ಲೂ ಉರಿಯುತ್ತೆ, ಮಕ್ಕಳಿಗೆ ಹಾಕುವಾಗ ತಲೆ ಹಿಂದಕ್ಕೆ ಬಗ್ಗಿಸಿ ಹಾಕಿ.

ಎಣ್ಣೆ ಜಾಸ್ತಿ ಆಗಿದ್ದ ದಿನ ಕೊನೇಲಿ ಚಿಗರೆ ಪುಡಿ ಒಂದು ಚಮಚ ಮಜ್ಜಿಗೇಲಿ ಕಲಸಿ ಹಚ್ತೀನಿ. ಅದು ಹಸಿರು ಎಲೆ ಪುಡಿ, ಜಿಡ್ಡೂ ಬಿಡಿಸುತ್ತೆ, ಕೂದಲನ್ನ ನಯಾನೂ ಮಾಡುತ್ತೆ, ನನಗೆ ಕಂಡೀಷನರ್ ಜಾಗ ತುಂಬಿದ್ದು ಇದೇ. ಮಲೆನಾಡಿನ ನಮ್ಮ ಓರಗಿತ್ತಿ ಮನೇಲಿ ಪುಡಿ ಗಿಡಿ ಏನೂ ಇಲ್ಲ, ದಾಸವಾಳದ ಹಸಿ ಸೊಪ್ಪು ಕಿವುಚಿ ಗೊಂಪು ಮಾಡಿ ಹಾಕ್ಕೋತಾರೆ. ಅಂಗಳದಲ್ಲಿ ಗಿಡ ಇದ್ರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಶುರುವಲ್ಲಿ ಕೆಲವು ವಾರ ಕೂದಲು ಮಂಕು ಮಂಕಾಗಿತ್ತು, ಕಂಡೀಷನರಿನ ಸಿಲಿಕೋನ್ ಪದರ ಕೊಡ್ತಿದ್ದ ಆ ಮಿಂಚು ಹೋಯ್ತಲ್ಲ. ಆಮೇಲೆ ಅದೇ ಸರಿಹೋಯ್ತು. ಈಗ ಬದಲಾಗಿರೋದು ಇಷ್ಟು, ನೆತ್ತಿ ಕೆರೆತ ಕಡಿಮೆ, ಸಿಕ್ಕು ಕಡಿಮೆ, ಬಾಚಣಿಗೆಗೆ ಬರೋ ಮುರಿದ ಕೂದಲು ಕಡಿಮೆ. ಹೊಸ ಕೂದಲು ಹುಟ್ಟಿಸುತ್ತೆ, ಬೊಕ್ಕ ತಲೇಲಿ ಬೆಳೆಸುತ್ತೆ ಅಂತ ಮಾರೋರ ಮಾತು ನಂಬಬೇಡಿ, ಸೀಗೆ ತೊಳೆಯೋ ಪುಡಿ ಅಷ್ಟೇ. ಕೂದಲು ಸಿಕ್ಕಾಪಟ್ಟೆ ಉದುರ್ತಿದ್ರೆ ಮೊದ್ಲು ಥೈರಾಯ್ಡು, ಹಿಮೋಗ್ಲೋಬಿನ್ನು ನೋಡಿಸಿ.

ಮಳೆಗಾಲ

ಜುಲೈ ತಿಂಗಳ ತಂಡೀಲಿ ಪುಡಿ ಕಾಪಾಡೋದೇ ಒಂದು ಕೆಲಸ. ಹೆಸರುಕಾಳು ಮೆಂತ್ಯ ಇರೋದ್ರಿಂದ ಹುಳ ಬೀಳುತ್ತೆ, ಅಂಟುವಾಳ ಗಾಳೀಲಿರೋ ನೀರು ಎಳ್ಕೊಂಡು ಗಂಟು ಕಟ್ಟುತ್ತೆ. ಅದಕ್ಕೆ ದೊಡ್ಡ ಸ್ಟೀಲ್ ಡಬ್ಬೀಲಿ ಒಣ ಬೇವಿನ ಎಲೆ ಹಾಕಿ ಅಡುಗೆಮನೆ ಅಟ್ಟದ ಮೇಲೆ, ಬಚ್ಚಲಲ್ಲಿ ಒಂದು ವಾರಕ್ಕಾಗೋ ಅಷ್ಟು ಸಣ್ಣ ಡಬ್ಬಿ, ಒದ್ದೆ ಕೈ ಹಾಕೋ ಹಾಗಿಲ್ಲ, ಚಮಚ ಒಳಗೇ. ಮುಂದಿನ ಸಲದ ಪುಡಿಗೆ ಹೆಸರುಕಾಳು ಹಾಕದೆ ಬೀಸಿಸ್ತೀನಿ, ಬೇಕಾದಾಗ ಹೆಸರುಹಿಟ್ಟು ಮೇಲಿಂದ ಸೇರಿಸಿದ್ರೆ ಆಯ್ತು.

ಹಲ್ಲುಪುಡಿ

ಹಲ್ಲುಪುಡಿ ಅಂದ ತಕ್ಷಣ ನಮ್ಮ ಕಡೆ ಎಲ್ಲರಿಗೂ ನೆನಪಾಗೋದು ನಂಜನಗೂಡು. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಪುಡಿ, ನಮ್ಮ ತಾತನ ಮನೇಲಿ ಬೇರೆ ಹಲ್ಲುಪುಡಿನೇ ಗೊತ್ತಿರ್ಲಿಲ್ಲ. ನಾನೂ ಮೊದ್ಲು ಅದನ್ನೇ ತಂದೆ, ಆಮೇಲೆ ಮನೇಲೇ ಮಾಡೋಣ ಅಂತ ಕೂತೆ.

ಹಲ್ಲುಪುಡಿ ವಿಷಯದಲ್ಲಿ ನೋಡಬೇಕಾದ್ದು ಗಡಸುತನ. ಖನಿಜಗಳ ಗಡಸುತನ ಅಳೆಯೋ ಮೋಸ್ ಸ್ಕೇಲಲ್ಲಿ ಎನಾಮಲ್ ಸುಮಾರು 5, ಅದರ ಕೆಳಗಿನ ಡೆಂಟಿನ್ ಇನ್ನೂ ಮೆತ್ತಗೆ, 3ರ ಆಸುಪಾಸು. ಮರಳು 7. ಅಂದ್ರೆ ಇಟ್ಟಿಗೆ ಪುಡಿ, ಮರಳು ಸೇರಿದ ಬೂದಿ ಇವೆಲ್ಲ ಹಲ್ಲನ್ನ ಗೀರುತ್ತೆ, ಬೆಳ್ಳಗಾಯ್ತು ಅಂತ ಅನ್ಸೋದು ಸವೆದು ಹೋಗ್ತಿರೋದು. ಹಳ್ಳೀಲಿ ಉಜ್ಜೋ ಉಮಿ ಬೂದೀಲಿ ಬಹುಪಾಲು ಸಿಲಿಕಾನೇ ಇರೋದು, ಅದಕ್ಕೇ ಅಜ್ಜಿ ಅದನ್ನ ತೆಳು ಬಟ್ಟೇಲಿ ಜಾಲಾಡಿಸಿ, ಬೆರಳಿಗೆ ತರಿ ಹತ್ತದ ಹಾಗೆ ಮಾಡಿ, ಬ್ರಷ್ ಅಲ್ಲ ಬೆರಳಲ್ಲೇ ಉಜ್ಜೋಕೆ ಕೊಡ್ತಿದ್ರು. ಈಗ ಇದ್ದಿಲು ಪುಡೀನ ಗಟ್ಟಿ ಬ್ರಷ್ಷಲ್ಲಿ ಗಸಗಸ ಉಜ್ಜೋರನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಹಂಗಾಗಿ ನನ್ನ ಪುಡಿಗೆ ಬುಡ ಕ್ಯಾಲ್ಸಿಯಂ ಕಾರ್ಬೋನೇಟ್, ಗಡಸುತನ 3, ಔಷಧಿಗೆ ಬಳಸೋ ದರ್ಜೆಯದ್ದು, ಬೋರ್ಡಿಗೆ ಬರೆಯೋ ಸೀಮೆಸುಣ್ಣ ಅಲ್ಲ. ಅದಕ್ಕೆ ಸ್ವಲ್ಪ ಅಡುಗೆ ಸೋಡಾ, ಚಿಟಿಕೆ ಪುಡಿ ಉಪ್ಪು, ಲವಂಗ, ಜಾಲಿ ತೊಗಟೆ, ಅಳಲೆಕಾಯಿ. ತೊಗಟೆ ಅಳಲೆಕಾಯಿ ಎರಡರಲ್ಲೂ ಒಗರು, ವಸಡು ಬಿಗಿ ಅನ್ಸುತ್ತೆ. ಲವಂಗ ತುಂಬಾ ಕಮ್ಮಿ ಹಾಕಿ, ಅದ್ರಲ್ಲಿರೋ ಯೂಜಿನಾಲ್ ಜಾಸ್ತಿ ಆದ್ರೆ ಬಾಯಿ ಉರಿಯುತ್ತೆ. ತ್ರಿಫಲಾ (ಅಳಲೆ, ತಾರೆ, ನೆಲ್ಲಿ ಮೂರೂ ಸೇರಿದ ಪುಡಿ) ಹಾಗೇ ಹಾಕಿ ಅಂತ ತುಂಬಾ ಜನ ಹೇಳಿದ್ರು, ನಾನು ನೆಲ್ಲಿಕಾಯಿ ಬಿಟ್ಟೆ, ಹುಳಿ ಪದಾರ್ಥ ಹಲ್ಲಿಗೆ ದಿನಾ ಉಜ್ಜೋದು ಬೇಡ, ಪಿಎಚ್ 5.5ಕ್ಕಿಂತ ಕೆಳಗೆ ಇಳಿದ್ರೆ ಎನಾಮಲ್ ಕರಗೋಕೆ ಶುರುವಾಗುತ್ತೆ. ಗಮನಿಸಿ, ನೆತ್ತಿಗೆ ಹಿತವಾದ ಹುಳಿ ಹಲ್ಲಿಗೆ ಆಗಿಬರಲ್ಲ.

ತೊಗಟೆ ಲವಂಗ ಮಿಕ್ಸೀಲಿ ಎಷ್ಟು ತಿರುಗಿಸಿದ್ರೂ ನಾರು ಉಳಿಯುತ್ತೆ. ಹಿಟ್ಟಿನ ಜರಡಿ ಸಾಲದು. ಒಂದು ಪಾತ್ರೆ ಬಾಯಿಗೆ ಹಳೇ ಮೆತ್ತನೆ ಪಂಚೆ ತುಂಡು ಬಿಗಿಯಾಗಿ ಕಟ್ಟಿ, ಮೇಲೆ ಪುಡಿ ಹಾಕಿ, ಅಂಗೈಯಲ್ಲಿ ನಿಧಾನಕ್ಕೆ ಆಡಿಸ್ತಾ ಕೂತ್ರೆ ಕೆಳಗೆ ಇಳಿಯೋದು ಟಾಲ್ಕಂ ಪೌಡರಿನಷ್ಟು ನುಣ್ಣಗಿನ ಪುಡಿ. ಎರಡು ಬೆರಳ ಮಧ್ಯ ತಿಕ್ಕಿದ್ರೆ ಒಂದು ಕಣವೂ ಚುಚ್ಚಬಾರದು, ನನ್ನ ಪರೀಕ್ಷೆ ಇಷ್ಟೇ. ಮೇಲೆ ಉಳಿದ ತರಿ ಎಸೆದುಬಿಡಿ. ಬಿಡಿ ಹಲ್ಲುಪುಡಿ ಕೊಳ್ಳೋರಿಗೆ ಇನ್ನೊಂದು ಮಾತು, ಹೊಗೆಸೊಪ್ಪು ಸೇರಿಸಿದ ಪೇಸ್ಟು ಪುಡಿಗಳನ್ನ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ, ಉಜ್ಜಿದ ಮೇಲೆ ತಲೆ ಜುಂ ಅನ್ನೋ ಪುಡಿ ಸಿಕ್ಕಿದ್ರೆ ಮನೆಗೆ ತರಬೇಡಿ.

ರಾತ್ರಿ ಪೇಸ್ಟ್ ಯಾಕೆ

ಮನೆ ಪುಡೀಲಿ ಫ್ಲೋರೈಡ್ ಇಲ್ಲ, ಹುಳುಕು ತಡೆಯೋದ್ರಲ್ಲಿ ಅದರ ಜಾಗಕ್ಕೆ ಲವಂಗಾನೂ ಬರಲ್ಲ ಬೇವೂ ಬರಲ್ಲ. ನಮ್ಮೂರು ಪಾವಗಡ ಕಡೆ, ಅಲ್ಲಿ ಫ್ಲೋರೈಡ್ ಅಂದ್ರೆ ಜನ ಹೆದರ್ತಾರೆ, ಹೆದರೋದ್ರಲ್ಲಿ ನ್ಯಾಯ ಇದೆ. ಬೋರ್ ನೀರಲ್ಲೇ ಅದು ಅತಿಯಾಗಿ, ದೊಡ್ಡಪ್ಪನ ಮಕ್ಕಳ ಮುಂದಿನ ಹಲ್ಲಲ್ಲಿ ಅಡ್ಡಡ್ಡ ಕಂದು ಪಟ್ಟಿ, ಊರಲ್ಲಿ ವಯಸ್ಸಾದವರ ಮಂಡಿ ಬೆನ್ನು ಬಾಗಿ ಹೋಗಿದ್ದು ನೋಡಿಕೊಂಡೇ ಬೆಳೆದಿದೀನಿ. ಕುಡಿಯೋ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲ ಅಂದ್ರೆ 1.5 ವರೆಗೆ ಅಂತ ನಮ್ಮ ದೇಶದ ಮಾನದಂಡ. ಆದ್ರೆ ವರ್ಷಗಟ್ಟಲೆ ಕುಡಿಯೋ ನೀರಿನ ಜತೆ ಹೊಟ್ಟೆಗೆ ಹೋಗೋದು ಬೇರೆ, ಹಲ್ಲಿನ ಮೇಲೆ ಹಚ್ಚಿ ಉಗಿಯೋದು ಬೇರೆ. ಬೆಂಗಳೂರಲ್ಲಿ ನಾವು ಕುಡಿಯೋದು ಆರ್‌ಒ ನೀರು, ಅದ್ರಲ್ಲಿ ಫ್ಲೋರೈಡ್ ಬಹುತೇಕ ಹೋಗಿರುತ್ತೆ, ಅದಕ್ಕೆ ರಾತ್ರಿ ಪೇಸ್ಟ್ ಬಿಡಲ್ಲ. ನೀವು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಾದ್ರೆ ಮೊದ್ಲು ನೀರು ಟೆಸ್ಟ್ ಮಾಡಿಸಿ, ಹಲ್ಲಿನ ಡಾಕ್ಟ್ರ ಹತ್ರ ಮಾತಾಡಿ ತೀರ್ಮಾನ ಮಾಡಿ.

ಮಗಳಿಗೆ ಪುಡಿ ಕೊಟ್ಟಿಲ್ಲ, ಎರಡು ಹೊತ್ತೂ ಪೇಸ್ಟೇ, ಬಟಾಣಿ ಕಾಳಿನಷ್ಟು, ನುಂಗದ ಹಾಗೆ ಪಕ್ಕದಲ್ಲಿ ನಿಂತಿರ್ತೀನಿ. ಅವಳ ತಲೆಗೆ ಮಾತ್ರ ಸೀಗೆ ನೀರು.

ನಮ್ಮನೆಯವರು ತಲೆಗೆ ಸೀಗೆ ಒಪ್ಪಿಕೊಂಡಿದಾರೆ, ಹಲ್ಲಿಗೆ ಪುಡಿ ಇನ್ನೂ ಇಲ್ಲ, ಬ್ರಷ್ ಒದ್ದೆ ಮಾಡಿ ಡಬ್ಬಿಗೆ ಅದ್ದಿದ್ರೆ ಗಂಟಾಗುತ್ತೆ ಅಂತಾರೆ. ಅದಕ್ಕೆ ಅಂಗೈ ಮೇಲೆ ಸ್ವಲ್ಪ ಸುರಿದುಕೊಂಡು ಮೆತ್ತನೆ ಬ್ರಷ್ಷಿಗೆ ತಗೊಳ್ಳೋ ಹಾಗೆ ಮುಚ್ಚಳದಲ್ಲಿ ತೂತು ಇರೋ ಉಪ್ಪಿನ ಡಬ್ಬಿ ತಂದಿಟ್ಟಿದೀನಿ. ದೀಪಾವಳಿಗೆ ನೀರು ತುಂಬೋ ಹಬ್ಬದ ಹೊತ್ತಿಗೆ ಇನ್ನೊಂದು ಸಲ ಸೀಗೆ ಬೀಸಿಸಬೇಕು, ಅಕ್ಕನ ಮನೆಗೂ ಸೇರಿ 2 ಕೆಜಿ. ಈ ಸಲ ಅರ್ಧಕ್ಕೆ ಅಂಟುವಾಳ ಪೂರ್ತಿ ಬಿಟ್ಟು, ಇನ್ನರ್ಧಕ್ಕೆ ಹಾಕಿ, ಅಕ್ಕನ ಒಣ ಕೂದಲಿಗೆ ಯಾವುದು ಹೊಂದುತ್ತೆ ನೋಡಿ ಬರೀತೀನಿ.