ಬಾಕುವಿನಲ್ಲಿ ಈಜಬೇಕಾ? ಬೇಸಿಗೆ ರಜೆ ಬಿಡಿ, ದಸರಾ ರಜೆ ನೋಡಿ

ಜಯನಗರದಲ್ಲಿ ನಾವು ಈಜುವ ಕೊಳದ ಬೆಳಗಿನ ಬ್ಯಾಚಿನಲ್ಲಿ ಈಗ ಬಾಕು ಪ್ರವಾಸದ್ದೇ ಮಾತು. ಬಾಕು ಅಂದರೆ ಅಜರ್‌ಬೈಜಾನ್‌ನ ರಾಜಧಾನಿ, ಕ್ಯಾಸ್ಪಿಯನ್ ಸಮುದ್ರದ ದಡದ ಊರು. ಮಕ್ಕಳಿಗೆ ಬೇಸಿಗೆ ರಜೆ, ಅದಕ್ಕೇ ಮೇ ತಿಂಗಳ ಟಿಕೆಟ್ ನೋಡುತ್ತಿದ್ದಾರೆ. "ಅಕ್ಕಾ, ನೀವು ಅಲ್ಲಿ ಈಜಿದ್ದೀರಲ್ವಾ? ಮೇನಲ್ಲಿ ಬಿಸಿಲು ಚೆನ್ನಾಗಿರುತ್ತಂತೆ, ಮಕ್ಕಳನ್ನ ನೀರಿಗೆ ಇಳಿಸಬಹುದಾ?" ಎಂದು ಕೇಳುತ್ತಾರೆ. ಬಿಸಿಲು ಚೆನ್ನಾಗಿರುತ್ತದೆ, ನಿಜ. ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ.

ನಮಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. ಗೋಕರ್ಣ, ಮುರುಡೇಶ್ವರದ ಸಮುದ್ರ ವರ್ಷವಿಡೀ ಹೆಚ್ಚುಕಮ್ಮಿ 27ರಿಂದ 30 ಡಿಗ್ರಿ. ಅಲ್ಲಿ ನಾವು ನೋಡುವುದು ಅಲೆಯನ್ನು, ಮಳೆಗಾಲವನ್ನು. ನೀರು ತಣ್ಣಗಿದೆಯಾ ಎಂದು ಯಾರೂ ಕೇಳುವುದಿಲ್ಲ. ಕ್ಯಾಸ್ಪಿಯನ್‌ನಲ್ಲಿ ಮೊದಲು ಕೇಳಬೇಕಾದದ್ದೇ ಅದು.

ಬಾಕು ಸುತ್ತಮುತ್ತ ಫೆಬ್ರುವರಿಯಲ್ಲಿ ನೀರು 7-8 ಡಿಗ್ರಿಗೆ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ಸುಮಾರು 11. ಮೇನಲ್ಲಿ 15-16. ಜೂನ್‌ನಲ್ಲಿ ಏಕ್‌ದಂ ಏರಿ 21-22 ಆಗುತ್ತದೆ. ಆಗಸ್ಟ್‌ನಲ್ಲಿ 26ರ ಹತ್ತಿರ, ಅದೇ ಅತಿ ಬೆಚ್ಚಗಿನ ತಿಂಗಳು. ಸೆಪ್ಟೆಂಬರ್‌ನಲ್ಲೂ 23-24 ಇರುತ್ತದೆ. ಅಕ್ಟೋಬರ್‌ನಲ್ಲಿ 19ರ ಆಸುಪಾಸು. ಅಂದರೆ ದಸರಾ ರಜೆಯ ನೀರು ಬೇಸಿಗೆ ರಜೆಯ ನೀರಿಗಿಂತ ಬೆಚ್ಚಗೆ! ಅಷ್ಟು ದೊಡ್ಡ ನೀರು ಕಾಯಲೂ ತಿಂಗಳುಗಟ್ಟಲೆ ಬೇಕು, ಆರಲೂ ತಿಂಗಳುಗಟ್ಟಲೆ ಬೇಕು. ದಪ್ಪ ತಳದ ಪಾತ್ರೆಯ ಹಾಗೆ. ಗಾಳಿಯ ಬಿಸಿ ನೋಡಿ ನೀರನ್ನು ಅಳೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

15 ಡಿಗ್ರಿ ಅಂದರೆ ಎಷ್ಟು ತಣ್ಣಗೆ? ತೆರೆದ ನೀರಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 16ಕ್ಕಿಂತ ಕಡಿಮೆ ಇದ್ದರೆ ಈಜಲು ಬಿಡುವುದೇ ಇಲ್ಲ. 18ಕ್ಕಿಂತ ಕಡಿಮೆ ಇದ್ದರೆ ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ಈಜುಡುಪು, ಕಡ್ಡಾಯ. ಅದೂ ಪಳಗಿದ ಈಜುಗಾರರಿಗೆ. ಅಂಥ ನೀರಿಗೆ ಧುಮುಕಿದ ತಕ್ಷಣ ಮನಸ್ಸು ಕೇಳದೆಯೇ ಎದೆ ಗಾಳಿ ಎಳೆದುಕೊಳ್ಳುತ್ತದೆ. ಉಸಿರು ಕೈಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ನೀರು ಕುಡಿಯುವುದೇ. ಮೊದಲ ಒಂದೆರಡು ನಿಮಿಷವೇ ಅಪಾಯ, ಎಷ್ಟು ಚೆನ್ನಾಗಿ ಈಜು ಬಂದರೂ ಅಷ್ಟೇ. ಡಿಸೆಂಬರ್ ಬೆಳಿಗ್ಗೆ ನಮ್ಮ ಕೊಳಕ್ಕೆ ಇಳಿದು ನಡುಗುವ ಮಕ್ಕಳು ನೆನಪಿದ್ದಾರಲ್ವಾ? ಇದು ಅದಕ್ಕಿಂತ ಬಹಳ ಮುಂದಿನ ಮಾತು.

ನಾನು ಈಜಿದ್ದು ಸೆಪ್ಟೆಂಬರ್‌ನಲ್ಲಿ, ಬಿಲ್ಗಾ ತೀರದಲ್ಲಿ. ನನ್ನ ತಮ್ಮ ಕೆಲಸದ ಮೇಲೆ ಅಲ್ಲಿದ್ದ. ನಗರದ ಕೊಲ್ಲಿಯಲ್ಲಿ ತೈಲದ ಮಾಲಿನ್ಯ ಇದೆ, ಅಲ್ಲಿ ಇಳಿಯುವಂತಿಲ್ಲ. ಅದಕ್ಕೇ ಅಲ್ಲಿನವರು ಬಾಕು ಇರುವ ಅಬ್ಶೆರೋನ್ ಪರ್ಯಾಯ ದ್ವೀಪದ ಉತ್ತರದ ದಂಡೆಗೆ ಹೋಗುತ್ತಾರೆ, ಬಿಲ್ಗಾ ಇರುವುದೂ ಅಲ್ಲೇ. ನೀರು ಬಾಯಿಗೆ ಬಂದಾಗ ಆಶ್ಚರ್ಯವಾಯಿತು. ಉಪ್ಪು ಇದೆ, ಆದರೆ ನಮ್ಮ ಕರಾವಳಿಯ ಉಪ್ಪಲ್ಲ. ಸಾಗರದ ಉಪ್ಪಿನ ಮೂರನೇ ಒಂದು ಪಾಲು ಅಷ್ಟೇ. ಕಣ್ಣು ಉರಿಯಲಿಲ್ಲ. ಉಬ್ಬರ ಇಳಿತವೂ ಕಣ್ಣಿಗೆ ಕಾಣುವಷ್ಟಿಲ್ಲ. ಎಷ್ಟು ಖುಷಿಯಾಯಿತೆಂದರೆ ತಮ್ಮ ದಡದಿಂದ "ಅಕ್ಕಾ, ಸಾಕು ಬಾರೇ" ಎಂದು ಕೂಗಿ ಕೂಗಿ ಸುಸ್ತಾದ.

ಮಾರನೇ ದಿನ ಖಜ್ರಿ ಬೀಸಿತು. ಉತ್ತರದಿಂದ ಬರುವ ಜೋರು ತಣ್ಣನೆ ಗಾಳಿ ಅದು. ದಕ್ಷಿಣದ ಬೆಚ್ಚಗಿನ ಗಾಳಿಗೆ ಗಿಲವಾರ್ ಎನ್ನುತ್ತಾರೆ. ಖಜ್ರಿ ಎದ್ದರೆ ಉತ್ತರದ ದಂಡೆಯಲ್ಲಿ ಅಲೆ ಏಳುತ್ತದೆ, ನೀರಿಗೆ ಇಳಿಯಬಾರದು. ಹೋಟೆಲ್‌ನವರನ್ನು ಬೆಳಿಗ್ಗೆಯೇ ಗಾಳಿ ಯಾವುದು ಎಂದು ಕೇಳಿಬಿಡಿ.

ಇಡೀ ಕ್ಯಾಸ್ಪಿಯನ್ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಅದು ಐದು ದೇಶಗಳ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 1,200 ಕಿಲೋಮೀಟರ್ ಉದ್ದ ಚಾಚಿದೆ. ಉತ್ತರದ ಭಾಗದ ಸರಾಸರಿ ಆಳ 5-6 ಮೀಟರ್ ಮಾತ್ರ. ವೋಲ್ಗಾ ನದಿ ಬಂದು ಸೇರುವುದೂ ಅಲ್ಲೇ. ಆಳವಿಲ್ಲದ ನೀರು, ಸಿಹಿನೀರೂ ಜಾಸ್ತಿ, ಹಾಗಾಗಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಕ್ಯಾಸ್ಪಿಯನ್ ಸೀಲ್ ಎಂಬ ಕಡಲ ಪ್ರಾಣಿಗಳು ಆ ಮಂಜುಗಡ್ಡೆಯ ಮೇಲೆಯೇ ಮರಿ ಹಾಕುತ್ತವೆ. ದಕ್ಷಿಣದಲ್ಲಿ ಆಳ 1,000 ಮೀಟರ್ ದಾಟುತ್ತದೆ, ಅಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಕಜಕಸ್ತಾನದ ಅಕ್ತೌ ಕಡೆಯದು ಇನ್ನೂ ವಿಚಿತ್ರ. ನಡುಬೇಸಿಗೆಯಲ್ಲೇ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ. ಜುಲೈ ಅಂತ ನಂಬಿ ಇಳಿದರೆ ಮೈ ಮರಗಟ್ಟಬಹುದು.

ಇರಾನ್ ಕಡೆ ನೀರು ಬೆಚ್ಚಗಿರುತ್ತದೆ, ಆದರೆ ಅಲ್ಲಿ ಹೆಂಗಸರು ಪರದೆ ಕಟ್ಟಿದ ಬೇರೆ ಜಾಗದಲ್ಲೇ ಈಜಬೇಕು. ಹೊರಡುವ ಮೊದಲು ಗೊತ್ತಿರಲಿ.

ನನಗೆ ಸಂಕಟವಾಗುವ ಸಂಗತಿ ಇನ್ನೊಂದಿದೆ. ಈ ಸಮುದ್ರ ಇಳಿಯುತ್ತಿದೆ. 1990ರ ದಶಕದ ನಡುವಿನಿಂದ ಅದರ ಮಟ್ಟ ಕುಸಿಯುತ್ತಲೇ ಬಂದಿದೆ. ಬಿಸಿ ಏರಿದ ಹಾಗೆ ಆವಿಯಾಗುವುದು ಜಾಸ್ತಿ, ವೋಲ್ಗಾದ ನೀರು ಸಾಲುತ್ತಿಲ್ಲ. ಮೊದಲು ಏಟು ಬೀಳುವುದು ಆಳವಿಲ್ಲದ ಆ ಉತ್ತರದ ಭಾಗಕ್ಕೆ, ಆ ಸೀಲ್ ಮರಿಗಳಿಗೆ. ಕೆರೆಗಳನ್ನು ಕಳೆದುಕೊಂಡ ಊರಿನವಳಾಗಿ ಇದನ್ನು ಸುಮ್ನೆ ಓದಿ ಬಿಡಲು ನನ್ನಿಂದ ಆಗಲಿಲ್ಲ.

ಮೇ ಟಿಕೆಟ್ ಆಗಲೇ ತೆಗೆದಿದ್ದೀರಾ? ಹೋಗಿ ಬನ್ನಿ, ಹಳೇ ಪೇಟೆ ನೋಡಿ, ದಡದಲ್ಲಿ ನಡೆಯಿರಿ, ಮಕ್ಕಳು ಮೊಣಕಾಲು ನೀರಿನಲ್ಲಿ ಆಡಲಿ. ಈಜಲೇಬೇಕು ಎನ್ನುವವರು ದಸರಾ ರಜೆಯ ಟಿಕೆಟ್ ನೋಡಿ. ದಸರಾ ಬೇಗ ಬರುವ ವರ್ಷವಾದರೆ ಇನ್ನೂ ಒಳ್ಳೆಯದು, ಮಕ್ಕಳಿಗೆ ವೆಟ್‌ಸೂಟ್ ಹೊರುವ ಕೆಲಸವೂ ಇರುವುದಿಲ್ಲ.