ಅಕ್ಟೋಬರ್‌ನಲ್ಲಿ ಕುಮಾರಪರ್ವತ ಹತ್ತುವವರಿಗೆ: ಮಧ್ಯಾಹ್ನದ ಗುಡುಗು ನೆನಪಿರಲಿ

ಮಳೆಗಾಲ ಮುಗಿದು ಚಾರಣ ಶುರುವಾದ ಕೂಡಲೇ ಮಂಗಳೂರಿನಿಂದ ಕುಮಾರಪರ್ವತಕ್ಕೆ ಹೊರಡುವವರು ಜಾಸ್ತಿ. ಉಂಬಳ ಎಷ್ಟಿದೆ, ಯಾವ ಶೂ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಿಡಿಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಜುಲೈ ಮಳೆ ಬೇರೆ, ಅಕ್ಟೋಬರ್ ಮಳೆ ಬೇರೆ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಚುರುಕು ಬಿಸಿಲು ಇರುತ್ತದೆ, ಕಡಲಿನ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮಧ್ಯಾಹ್ನ ದಾಟುವಾಗ ಮೋಡ ಕಟ್ಟಿ ಗುಡುಗು ಶುರು. ಅಷ್ಟು ಹೊತ್ತಿಗೆ ನೀವು ಬೋಳು ಗುಡ್ಡದ ನೆತ್ತಿಯಲ್ಲಿ ಇರಬಾರದು.

ನಾವು ಹಿಂದಿನ ಸಂಜೆಯೇ ಬಿಜೈ ಬಸ್‌ಸ್ಟ್ಯಾಂಡಿನಿಂದ ಕುಕ್ಕೆಗೆ ಹೋಗಿ ಉಳಿದೆವು. ದಾರಿ ಸುಮಾರು 105 ಕಿ.ಮೀ. ಬೆಳಿಗ್ಗೆ ಮಂಗಳೂರು ಬಿಟ್ಟು ಅದೇ ದಿನ ಹತ್ತಿ ಇಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿಕೊಳ್ಳಿ. 2024ರ ಜನವರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಬಂದ ವ್ಯವಸ್ಥೆ ಇದು, ಬಂದದ್ದು ಒಳ್ಳೆಯದೇ ಆಯಿತು.

ಶಿಖರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಂದರೆ ಒಂದೇ ದಿನ 1,500 ಮೀಟರಿಗೂ ಜಾಸ್ತಿ ಏರಿ ಅಷ್ಟನ್ನೂ ಇಳಿಯಬೇಕು, ಹೋಗಿ ಬರಲು ಸುಮಾರು 25 ಕಿ.ಮೀ. ನಡಿಗೆ. ಬೆಳಕು ಹರಿಯುವಾಗ ಹೊರಟೆವು. ಭೀಮನ ಕಲ್ಲು ದಾಟಿ ಗಿರಿಗದ್ದೆಯ ಭಟ್ಟರ ಮನೆ ತನಕ ದಟ್ಟ ಕಾಡು. ಗಾಳಿ ಇಲ್ಲ, ಬೇರುಗಳೆಲ್ಲ ಜಾರುತ್ತವೆ. ಉಂಬಳ ಇದ್ದೇ ಇದೆ, ಉಪ್ಪು ಹಿಡಿದುಕೊಳ್ಳಿ, ಒಂದೇ ಕಡೆ ನಿಲ್ಲಬೇಡಿ, ಸಾಕು. ಭಟ್ಟರ ಮನೆಯಲ್ಲಿ ಊಟ ಬೇಕಿದ್ದರೆ ಮೊದಲೇ ವಿಚಾರಿಸಿ. ನಾವು ಬನ್ಸ್ ಮತ್ತು ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆವು.

ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಬ್ಯಾಗ್ ನೋಡುತ್ತಾ, "ಮಧ್ಯಾಹ್ನ ಮೇಲೆ ಗುಡುಗು ಉಂಟು, ಬೇಗ ಹೋಗಿ ಬೇಗ ಇಳೀರಿ" ಅಂದರು. ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿಂದ ಮೇಲೆ ಶೇಷಪರ್ವತದ ತನಕ ಬರೀ ಮುಳಿಹುಲ್ಲಿನ ಗುಡ್ಡ, ತಲೆ ಮರೆಸಲು ಏನೂ ಇಲ್ಲ. ಕಲ್ಲು ಮಂಟಪದ ಹತ್ತಿರ ನೀರು ತುಂಬಿಸಿಕೊಳ್ಳಿ. ಶೇಷಪರ್ವತ ದಾಟಿ ಕಾಡಿಗೆ ಇಳಿದು, ನೀರು ಹರಿಯುವ ಬಂಡೆ ಹತ್ತಿದರೆ ಶಿಖರ. ಎಷ್ಟೋ ಜನ ಯೋಚಿಸದ ಸಂಗತಿ ಏನೆಂದರೆ, ಕುಕ್ಕೆಗೇ ವಾಪಸ್ ಬರುವವರು ಶೇಷಪರ್ವತವನ್ನು ಇನ್ನೊಮ್ಮೆ ಹತ್ತಿ, ಅದೇ ಬಯಲು ಗುಡ್ಡದಲ್ಲಿ ಇಳಿಯಬೇಕು, ಅದೂ ಗುಡುಗಿನ ಹೊತ್ತಿನಲ್ಲೇ. ಅದಕ್ಕೆ ನನ್ನ ಸಲಹೆ ಇಷ್ಟೇ: ಹನ್ನೊಂದು ಗಂಟೆಯೊಳಗೆ ಶೇಷಪರ್ವತ ಮುಟ್ಟದಿದ್ದರೆ ಶಿಖರ ಬಿಟ್ಟು ಅಲ್ಲಿಂದಲೇ ಇಳಿಯಿರಿ.

ನಾವು ಶಿಖರದಲ್ಲಿ ಇದ್ದಾಗ ದೂರದಲ್ಲಿ ಮೊದಲ ಗುಡುಗು ಕೇಳಿತು. ಫೋಟೋ ಅಲ್ಲಿಗೇ ಬಿಟ್ಟು ಹೊರಟೆವು. ಆದರೂ ಶೇಷಪರ್ವತ ದಾಟಿ ಹುಲ್ಲಿಗೆ ಬರುವಾಗ ಮಳೆ ಅಡ್ಡಡ್ಡ ಬೀಸತೊಡಗಿತು, ಎದುರಿನವರ ಬೆನ್ನು ಕಾಣದಷ್ಟು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ, ಆರು ಸೆಕೆಂಡ್. ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ, ಅಂದರೆ ಸಿಡಿಲು ಬರೀ ಎರಡು ಕಿ.ಮೀ. ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೇ ಅಪಾಯ. "ಅಣ್ಣ, ಮಂಟಪಕ್ಕೆ ಓಡುವನಾ?" ಅಂತ ನಮ್ಮ ಜೊತೆಗಿದ್ದ ಹುಡುಗ ಕೇಳಿದ. ಬೇಡ ಅಂದೆ. ನಾಲ್ಕೂ ಕಡೆ ತೆರೆದ ಮಂಟಪ ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ನೆತ್ತಿಯ ದಾರಿ ಬಿಟ್ಟು ಪಕ್ಕದ ತಗ್ಗಿಗೆ ಇಳಿದು, ಒಬ್ಬರಿಂದ ಒಬ್ಬರು ದೂರ ದೂರ, ಎರಡೂ ಪಾದ ಜೋಡಿಸಿ ಕುಕ್ಕುರುಗಾಲಲ್ಲಿ ಕೂತೆವು. ಮಲಗಬಾರದು, ಒಂಟಿ ಮರದ ಕೆಳಗೆ ನಿಲ್ಲಬಾರದು, ನೀರು ಹರಿಯುವ ಕಣಿಯಲ್ಲಿ ಕೂರಬಾರದು. ಇದರಿಂದ ಅಪಾಯ ಕಡಿಮೆ ಆಗುತ್ತದೆ ಅಷ್ಟೇ, ಪೂರ್ತಿ ಹೋಗುವುದಿಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಎದ್ದೆವು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಯಾರೂ ಅವಸರ ಮಾಡಲಿಲ್ಲ, ಅದೇ ಸಮಾಧಾನ.

ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ದಾಮಿನಿ ಆ್ಯಪ್ ಒಳ್ಳೆಯದು, ಆದರೆ ಅದು ಮುಂದಿನ ಕೆಲವು ನಿಮಿಷಗಳ ಸಿಡಿಲಿನ ಎಚ್ಚರಿಕೆ ಮಾತ್ರ ಕೊಡುತ್ತದೆ, ಅದಕ್ಕೂ ನೆಟ್‌ವರ್ಕ್ ಬೇಕು. ಬ್ಯಾಗಿನ ಹೊರಗಿನ ರೈನ್ ಕವರ್ ಈ ಗಾಳಿಗೆ ಸಾಲದು. ಒಳಗೆ ಗೊಬ್ಬರದ ಚೀಲದ ದಪ್ಪ ಪ್ಲಾಸ್ಟಿಕ್ ಹಾಕಿ, ಅದರಲ್ಲಿ ಒಣ ಬಟ್ಟೆ, ಟಾರ್ಚ್ ಇಟ್ಟು ಬಾಯಿ ಕಟ್ಟಿ. ಕೊಡೆ ಬೇಡ. ಟಾರ್ಚ್ ತಲೆಗೆ ಕಟ್ಟುವಂಥದ್ದೇ ಇರಲಿ, ಏಕೆಂದರೆ ಭಟ್ಟರ ಮನೆಯಿಂದ ಕೆಳಗಿನ ಕಾಡಿನಲ್ಲಿ ಐದೂವರೆಗೇ ಕತ್ತಲು, ದಾರಿಯೆಲ್ಲ ತೋಡಿನಂತೆ ಹರಿಯುತ್ತಿರುತ್ತದೆ, ಎರಡೂ ಕೈ ಬೇಕಾಗುತ್ತದೆ.

ಅದೇ ರಾತ್ರಿ ನೆಟ್ಟಣದಿಂದ ರೈಲು ಬುಕ್ ಮಾಡಿಟ್ಟು ಹತ್ತಬೇಡಿ. ರೈಲು ತಪ್ಪುತ್ತದೆ ಅಂತ ಒದ್ದೆ ಬಂಡೆಯಲ್ಲಿ ಓಡಿದವರು ಬೀಳುತ್ತಾರೆ, ಗುಡುಗುವಾಗ ಕೂತು ಕಾಯಲೂ ಮನಸ್ಸು ಬರುವುದಿಲ್ಲ. ಕುಕ್ಕೆಯಲ್ಲಿ ಎರಡನೇ ರಾತ್ರಿಗೂ ರೂಮ್ ಹಿಡಿದಿಟ್ಟುಕೊಳ್ಳಿ.